ಹಿಮದ ಹಾದಿಗೆ ಗೇಟಿಲ್ಲ

ನ್ಯೂಯಾರ್ಕ್ ರಾಜ್ಯದ ಅತಿ ಎತ್ತರದ ಬೆಟ್ಟ ಮೌಂಟ್ ಮಾರ್ಸಿ. ಎತ್ತರ 1,629 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಹಾಗಾಗಿ ಚಳಿಗಾಲದಲ್ಲಿ ಮಾರ್ಸಿ ಹತ್ತೋಣ ಅಂದಾಗ ಊರಿನಿಂದ ಹೊಸದಾಗಿ ಬಂದಿದ್ದ ಗೆಳೆಯನೊಬ್ಬ ‘ಅಷ್ಟೇನಾ?’ ಅಂದ. ಮಾರ್ಸಿ ಇರುವ ಅಡಿರಾಂಡ್ಯಾಕ್ ಬೆಟ್ಟಗಳ ಫೆಬ್ರವರಿ ಅವನಿಗಿನ್ನೂ ಗೊತ್ತಿರಲಿಲ್ಲ. ಹೋಗಿ ಬರಲು ಸುಮಾರು 24 ಕಿಲೋಮೀಟರ್, ದಾರಿಯುದ್ದಕ್ಕೂ ಹಿಮ. ನೀರಿನ ಬಾಟಲಿಯನ್ನೂ ಚೀಲದಲ್ಲಿ ತಲೆಕೆಳಗಾಗಿ ಇಡಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತಾ ಬರುತ್ತದೆ, ನೆಟ್ಟಗಿಟ್ಟರೆ ಮುಚ್ಚಳದ ಹತ್ತಿರವೇ ಕಟ್ಟಿಕೊಳ್ಳುತ್ತದೆ.

ಅವನಿಗೆ ಜಾಸ್ತಿ ಆಶ್ಚರ್ಯವಾಗಿದ್ದು ಬೇರೆ ವಿಷಯಕ್ಕೆ. ಹಾದಿಯ ಶುರುವಿನಲ್ಲಿ ಗೇಟಿಲ್ಲ, ಗಾರ್ಡ್ ಇಲ್ಲ, ಗೈಡ್ ಬೇಕೇಬೇಕು ಅನ್ನುವವರಿಲ್ಲ. ಮರದ ಪೆಟ್ಟಿಗೆಯಲ್ಲೊಂದು ಪುಸ್ತಕ. ಹೆಸರು, ಎಷ್ಟು ಜನ, ಎಲ್ಲಿಗೆ ಅಂತ ನಾವೇ ಬರೆಯಬೇಕು. ವಾಪಸ್ ಬಂದ ಮೇಲೆ ಬಂದೆವು ಅಂತಲೂ ನಾವೇ ಗುರುತು ಹಾಕಬೇಕು.

ಹಾಗಂತ ನಿಯಮವೇ ಇಲ್ಲ ಅಂತಲ್ಲ. ಮಾರ್ಸಿ ಇರುವ ಈ ಹೈ ಪೀಕ್ಸ್ ಪ್ರದೇಶದಲ್ಲಿ ಹಿಮ 8 ಇಂಚು ದಾಟಿದರೆ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿನಡಿ ಕಟ್ಟಿಕೊಳ್ಳುವ ಅಗಲದ ಚೌಕಟ್ಟು) ಅಥವಾ ಸ್ಕೀ ಕಡ್ಡಾಯ. ಬರೀ ಬೂಟಿನಲ್ಲಿ ನಡೆದರೆ ಕಾಲು ಮೊಣಕಾಲಿನವರೆಗೆ ಹೂತು ಗುಂಡಿ ಬೀಳುತ್ತದೆ. ರಾತ್ರಿ ಅದರ ಅಂಚು ಕಲ್ಲಿನಂತೆ ಗಟ್ಟಿಯಾಗುತ್ತದೆ. ಮಾರನೇ ದಿನ ಬಂದವನ ಪಾದ ಅದರೊಳಗೆ ತಿರುಚಿದರೆ ಮುಗೀತು, ಆ ಚಳಿಯಲ್ಲಿ ಅವನನ್ನು ಕೆಳಗಿಳಿಸಲು ರೇಂಜರ್‌ಗಳೇ ಬರಬೇಕು. ಸ್ನೋಶೂ ಹಾಕಿದವರು ನಡೆದಷ್ಟೂ ಹಾದಿ ಒತ್ತಿಕೊಂಡು ಸಪಾಟಾಗುತ್ತದೆ. ಹೊಸ ಹಿಮ ಬಿದ್ದ ದಿನ ಎಲ್ಲರಿಗಿಂತ ಮುಂದೆ ಹೋಗುವವನಿಗೇ ದುಪ್ಪಟ್ಟು ಶ್ರಮ. ಅದಕ್ಕೇ ಸರದಿ ಇರುತ್ತದೆ. ಸ್ವಲ್ಪ ದೂರ ಹಾದಿ ತುಳಿದವನು ಪಕ್ಕಕ್ಕೆ ನಿಲ್ಲುತ್ತಾನೆ, ಎಲ್ಲರೂ ದಾಟಿದ ಮೇಲೆ ಕೊನೆಗೆ ಸೇರಿಕೊಳ್ಳುತ್ತಾನೆ. ನಮ್ಮ ಚಾರಣಗಳಲ್ಲಿ ಗಟ್ಟಿಗರು ಮುಂದೆ ಓಡಿ ಮೇಲೆ ಕೂತು ಫೋಟೋ ತೆಗೆಯುವುದನ್ನೇ ನೋಡಿ ಬೆಳೆದ ಗೆಳೆಯನಿಗೆ ಇದು ಬಹಳ ಹಿಡಿಸಿತು.

‘ಇಲ್ಲಿನವರಿಗೆ ಶಿಸ್ತು ಜಾಸ್ತಿ, ನಮ್ಮವರಿಗೆ ಬುದ್ಧಿ ಬರಲ್ಲ’ ಅಂತ ಮುಗಿಸಿಬಿಡುವುದು ಹೊರನಾಡಿಗರ ಹಳೇ ಚಟ. ನಾನು ಒಪ್ಪುವುದಿಲ್ಲ. ಇಲ್ಲೂ ಬರೀ ಬೂಟಿನಲ್ಲಿ ಹಾದಿ ಕೆಡಿಸುವವರು ಬೇಕಾದಷ್ಟು ಸಿಗುತ್ತಾರೆ. ಆದರೆ ಹಿಮದಲ್ಲಿ ತಪ್ಪು ಅಲ್ಲೇ ಕಾಣಿಸುತ್ತದೆ. ಗುಂಡಿ ನಿಮ್ಮದೇ, ಹಿಂದಿರುಗುವಾಗ ಅದನ್ನು ದಾಟುವವರೂ ನೀವೇ.

ನಮ್ಮ ಪಶ್ಚಿಮ ಘಟ್ಟದಲ್ಲಿ ಹಾಗಲ್ಲ. ತಿರುವು ಸುತ್ತುವ ಬದಲು ಹುಲ್ಲಿನ ಇಳಿಜಾರಿನಲ್ಲಿ ನೇರವಾಗಿ ಇಳಿದವನಿಗೆ ಅವತ್ತು ಏನೂ ಕಾಣುವುದಿಲ್ಲ. ಹುಲ್ಲು ಸವೆದ ಆ ಗೆರೆಯಲ್ಲಿ ಜೂನ್ ಮಳೆಯ ನೀರು ಹರಿದು, ಮಣ್ಣು ಕೊಚ್ಚಿಹೋಗಿ, ಕೊರಕಲು ಬೀಳುವ ಹೊತ್ತಿಗೆ ಅವನು ಬೆಂಗಳೂರಿನಲ್ಲಿರುತ್ತಾನೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಸಾಗರವೇ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು. ಅದು ಬೇಕಿತ್ತು. ಆದರೆ ಬುಕಿಂಗ್ ತಲೆ ಎಣಿಸುತ್ತದೆ ಅಷ್ಟೇ, ಕಾಲು ಎಲ್ಲಿ ಇಡಬೇಕು ಅಂತ ಹೇಳುವುದಿಲ್ಲ.

ಗೈಡ್ ಪದ್ಧತಿ ಮಾತ್ರ ನಮ್ಮದೇ ವಾಸಿ. ಮಾರ್ಸಿಯ ಮೇಲ್ಭಾಗದಲ್ಲಿ ಕುಳ್ಳ ಸ್ಪ್ರೂಸ್ ಮರಗಳು ಹಿಮದಡಿ ಮುಚ್ಚಿಹೋಗಿ ಸುತ್ತ ಪೊಳ್ಳು ಉಳಿದಿರುತ್ತದೆ. ಹಾದಿ ಬಿಟ್ಟು ಕಾಲಿಟ್ಟರೆ ಸೊಂಟದವರೆಗೆ ಒಳಗೆ. ಹೊಸಬರ ಗುಂಪಿನಲ್ಲಿ ಇದನ್ನು ಹೇಳುವವರು ಯಾರು? ಪೆಟ್ಟಿಗೆಯ ಪುಸ್ತಕವಂತೂ ಹೇಳುವುದಿಲ್ಲ.

ನಮ್ಮಲ್ಲಿ ಹೇಗೂ ಗೈಡ್ ಜೊತೆಗಿರುತ್ತಾರೆ. ಹತ್ತುವ ಮೊದಲು ಅವರು ಹೋದ ಮಳೆಗಾಲದಲ್ಲಿ ಬಿದ್ದ ಒಂದು ಕೊರಕಲಿನ ಹತ್ತಿರ ಎಲ್ಲರನ್ನೂ ಎರಡು ನಿಮಿಷ ನಿಲ್ಲಿಸಲಿ. ಒಳಗಿಳಿದು ನಿಂತರೆ ಅದರ ಅಂಚು ಎಲ್ಲಿಗೆ ಬರುತ್ತದೆ ಅಂತ ಒಬ್ಬರಾದರೂ ನೋಡಲಿ.