ಕಡಲಿದೆ, ಬಂಗುಡೆ ಇಲ್ಲ

ಬಂಗುಡೆ ಇದೆಯೇ ಎಂದು ಕೇಳಿದೆ. ಪಬ್ಬಿನ ಹುಡುಗಿ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಕುರಿಮಾಂಸದ ಸ್ಟ್ಯೂ ಇದೆ, ಮೀನೇ ಬೇಕೆಂದರೆ ಹಿಟ್ಟಿನಲ್ಲಿ ಕರಿದ ಕಾಡ್ ಇದೆ, ಆದರೆ ಅದು ಫ್ರೀಜರಿನದು ಎಂದಳು. ಕಿಟಕಿಯಾಚೆ ಅಟ್ಲಾಂಟಿಕ್ ಸಾಗರ ಬಂಡೆಗಳ ಮೇಲೆ ಎಗರಿ ಬೀಳುತ್ತಿತ್ತು. ಮಲ್ಪೆ ಕಡೆಯವನ ಹೊಟ್ಟೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್ ಜಿಲ್ಲೆಯಲ್ಲಿ ಗ್ಲೆನ್‌ಕಾಲಂಕಿಲ್ ಎಂಬ ಹಳ್ಳಿಯಿದೆ. ಆಗಸ್ಟಿನ ರಜೆಯಲ್ಲಿ ಅಲ್ಲಿಗೆ ಹೋಗು, ಏನು ಶಾಂತಿ, ಏನು ನಿಶ್ಶಬ್ದ ಎಂದು ಡಬ್ಲಿನ್ನಿನ ಕಚೇರಿಯಲ್ಲಿ ಎಲ್ಲರೂ ಹೇಳಿ ಕಳುಹಿಸಿದ್ದರು. ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಹತ್ತಿರದ ಸ್ಲೀವ್ ಲೀಗ್ ಬೆಟ್ಟ ಸುಮಾರು 600 ಮೀಟರ್ ಎತ್ತರದಿಂದ ಕಡಲಿಗೆ ಕಡಿದಾಗಿ ಇಳಿಯುತ್ತದೆ. ಅದನ್ನು ನೋಡಿ ಬಾಯಿ ಮುಚ್ಚದವನಿಲ್ಲ. ನನ್ನ ತಕರಾರು ಆ ನಿಶ್ಶಬ್ದದ ಮೇಲೆ.

ಕಡಲತಡಿಯ ಊರು ಅಷ್ಟು ಮೌನವಾಗಿರಬಾರದು. ಮಲ್ಪೆಯ ಬಂದರಿನಲ್ಲಿ ಬೆಳಕು ಹರಿಯುವ ಮೊದಲೇ ಏಲಂ ಕೂಗುವವರ ಗಂಟಲು, ಐಸ್ ಪುಡಿ ಮಾಡುವ ಯಂತ್ರ, ಬುಟ್ಟಿ ಹೊತ್ತ ಹೆಂಗಸರ ಬೈಗುಳ, ಕಾಗೆ, ಹದ್ದು, ಬೆಕ್ಕು. ಅರ್ಧ ಗಂಟೆಯಲ್ಲಿ ಅದೇ ಗಲಾಟೆ ನಮ್ಮ ಮನೆಯ ಅಂಗಳಕ್ಕೆ ಬಂದು, ಅಮ್ಮನೊಂದಿಗೆ ಚೌಕಾಸಿಗೆ ನಿಲ್ಲುತ್ತಿತ್ತು. ಇಲ್ಲಿ ಕುರಿಗಳು, ಗಾಳಿ, ನಡುನಡುವೆ ಒಂದು ಕಾರು. ಚಾಲಕ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸಿ ಹೋಗುತ್ತಾನೆ. ಯಾವೂರು, ಯಾರ ಮಗ, ಸಂಬಳ ಎಷ್ಟು ಎಂದು ಒಬ್ಬನೂ ಕೇಳಲಿಲ್ಲ.

ಹಾಗಾದರೆ ಮೀನೆಲ್ಲ ಎಲ್ಲಿ? ಮುಕ್ಕಾಲು ಗಂಟೆಯೊಳಗೆ ತಲುಪುವ ಕಿಲ್ಲಿಬೆಗ್ಸ್‌ನಲ್ಲಿ. ದೇಶದ ಅತಿ ದೊಡ್ಡ ಮೀನುಗಾರಿಕಾ ಬಂದರು ಅದೇ. ಮಲ್ಪೆಯ ಬೋಟುಗಳನ್ನು ಮಡಿಲಲ್ಲಿಟ್ಟುಕೊಳ್ಳಬಹುದಾದಷ್ಟು ದೊಡ್ಡ ಹಡಗುಗಳು ಬಂಗುಡೆ ತುಂಬಿಕೊಂಡು ಬರುತ್ತವೆ; ಅದು ಕಾರ್ಖಾನೆಯಲ್ಲಿ ಹೆಪ್ಪುಗಟ್ಟಿ ಪರದೇಶಕ್ಕೆ ಹೋಗುತ್ತದೆ. ಐರಿಷರಿಗೆ ಮೊದಲಿನಿಂದಲೂ ಮೀನೆಂದರೆ ಅಷ್ಟಕ್ಕಷ್ಟೆ. ಕ್ಯಾಥೊಲಿಕ್ ಮನೆಗಳಲ್ಲಿ ಹಿಂದೆ ಶುಕ್ರವಾರ ಮಾಂಸ ಬಿಡಬೇಕಿತ್ತು, ಹಾಗಾಗಿ ಮೀನು. ನಾವು ಸಂಕ್ರಮಣ, ಸೋಮವಾರವೆಂದು ಮೀನು ಬಿಟ್ಟು ಹಲುಬುತ್ತೇವೆ. ಇವರಿಗೆ ಮೀನು ತಿನ್ನುವುದೇ ವ್ರತವಾಗಿತ್ತು!

ನಿಶ್ಶಬ್ದಕ್ಕೆ ಇನ್ನೂ ಒಂದು ಕಾರಣವಿದೆ. ಜನ ಊರು ಬಿಟ್ಟರು. 1950ರ ದಶಕದಲ್ಲಿ ಇಲ್ಲಿಗೆ ಬಂದ ಜೇಮ್ಸ್ ಮ್ಯಾಕ್‌ಡಯರ್ ಎಂಬ ಪಾದ್ರಿ ವಲಸೆ ತಡೆಯಲು ಸಹಕಾರ ಸಂಘಗಳನ್ನು ಕಟ್ಟಿದರು. ಅವರ ಮುಂದಾಳತ್ವದಲ್ಲಿ 1967ರಲ್ಲಿ ತೆರೆದ ಹುಲ್ಲುಮಾಡಿನ ಮನೆಗಳ ಜನಪದ ಗ್ರಾಮ ಈಗಲೂ ಇದೆ. ಪ್ರವಾಸಿಗರು ಮೆಚ್ಚುವ ಶಾಂತಿಯಲ್ಲಿ ಹಡಗು ಹತ್ತಿ ಹೋದವರ ಪಾಲೂ ಇದೆ. ಕರಾವಳಿಯಿಂದ ಮುಂಬೈಗೆ, ಕೊಲ್ಲಿಗೆ ಮಕ್ಕಳನ್ನು ಕಳುಹಿಸಿದ ಮನೆಗಳ ಜಗಲಿಯೂ ಹೀಗೇ ಶಾಂತವಾಗಿರುತ್ತದೆ.

ಮೀನು ಕೊನೆಗೆ ಸಿಕ್ಕಿದ್ದು ಟೀಲಿನ್ ಎಂಬ ಪುಟ್ಟ ಬಂದರಿನಲ್ಲಿ. ಗಾಳ ಹಾಕಿ ನಿಂತಿದ್ದ ಮುದುಕರೊಬ್ಬರ ಬಕೆಟಿನಲ್ಲಿ ಬಂಗುಡೆ ಹೊಳೆಯುತ್ತಿತ್ತು. ನಮ್ಮದರ ದಾಯಾದಿ: ಬೆನ್ನ ಮೇಲೆ ಕಪ್ಪು ಅಲೆಯಂಥ ಪಟ್ಟೆ, ಮೈತುಂಬ ಕೊಬ್ಬು. ನಾನು ನೋಡಿದ ರೀತಿಗೇ ಕರುಣೆ ಬಂದಿರಬೇಕು, ಬೇಕೇ ಎಂದರು. ದುಡ್ಡು ಮುಟ್ಟಲಿಲ್ಲ. ಅಲ್ಲೇ ಚೂರಿ ತೆಗೆದು ಟಕಟಕನೆ ತಲೆ ಕತ್ತರಿಸಿ ಕಡಲಹಕ್ಕಿಗಳಿಗೆ ಎಸೆಯತೊಡಗಿದಾಗ ನಾನು ಕೂಗಿಬಿಟ್ಟೆ. ತಲೆ ತಿನ್ನುವ ಮನುಷ್ಯನನ್ನು ಅವರು ನೋಡಿದ್ದು ಅದೇ ಮೊದಲಂತೆ. ಬಾಡಿಗೆ ಮನೆಯಲ್ಲಿ ಆ ರಾತ್ರಿ ನಮ್ಮೂರಿನ ಹುಳಿ-ಖಾರದ ಮೀನುಸಾರು, ಪುಳಿಮುಂಚಿ ಮಾಡಿದೆ. ಪರಿಮಳ ಮನೆಯೊಡತಿಯನ್ನು ಬಾಗಿಲವರೆಗೆ ತಂದು, ಒಳಗೆ ಬಾರದೆ ಹಿಂದಕ್ಕೆ ಕಳುಹಿಸಿತು.

ಮೀನು ಕೊಡುವಾಗ ಆ ಮುದುಕರು ಹೇಳಿದ ಸಂಗತಿಯೊಂದನ್ನು ಬರೆಯದೆ ಬಿಡಬಹುದಿತ್ತು, ನನ್ನ ವಾದಕ್ಕೆ ಅದು ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಸಾಲ್ಮನ್ ಹಿಡಿಯುವುದೇ ಅವರ ಮನೆಯ ಕಸುಬಾಗಿತ್ತು. ಮೀನು ಕಡಿಮೆಯಾಯಿತೆಂದು ಸರ್ಕಾರ 2007ರಿಂದ ಸಮುದ್ರದಲ್ಲಿ ಸಾಲ್ಮನ್ನಿಗೆ ತೇಲುಬಲೆ ಬಿಡುವುದನ್ನೇ ನಿಲ್ಲಿಸಿತು, ಪರಿಹಾರ ಕೊಟ್ಟಿತು. ಅವರು ಬೈದರು, ಬಲೆ ಮಡಚಿಟ್ಟರು. ನಮ್ಮಲ್ಲಿ ಮಳೆಗಾಲದ 61 ದಿನಗಳ ನಿಷೇಧ ಮುಗಿಯುವುದನ್ನೇ ಕಾಯುತ್ತಿದ್ದು, ಮರುದಿನ ಕಡಲನ್ನು ಗುಡಿಸಿಬಿಡುತ್ತೇವೆ.

ಪುಳಿಮುಂಚಿಯ ಸುದ್ದಿ ಹೇಳಲು ಅಮ್ಮನಿಗೆ ಫೋನ್ ಮಾಡಿದೆ. ಧರ್ಮಕ್ಕೆ ಕೊಟ್ಟರೆಂದರೆ ಆಕೆ ನಂಬಲೊಲ್ಲಳು. ಅಲ್ಲಿ ನಿಷೇಧ ಮುಗಿದು ಬೋಟುಗಳು ಇಳಿದಿದ್ದವು. "ಬಂಗುಡೆ ಬಂದಿದೆ, ಬೆರಳಿನಷ್ಟುದ್ದ. ಅದನ್ನು ಯಾರು ತಿನ್ನುತ್ತಾರೆ? ಲಾರಿ ತುಂಬಿ ಮೀನುಹುಡಿ ಫ್ಯಾಕ್ಟರಿಗೆ ಹೋಗುತ್ತಿದೆ" ಎಂದಳು. ಆ ದಿನ ಮನೆಯಲ್ಲಿ ಬಸಳೆ ಸಾರು.