ಹೊಸ ಡಾಕ್ಟರ ಹಿಂದೆ ಕೈಕಟ್ಟಿ ನಿಲ್ಲುವ ಕಷ್ಟ

ಪಶುವೈದ್ಯಕೀಯ ಪದವಿ ಮುಗಿಸಿ ಮೊದಲ ಕೆಲಸಕ್ಕೆ ಬಂದವರಿಗೆ ಗೊತ್ತಿಲ್ಲದ ರೋಗವೇ ಇಲ್ಲ. ಹಸುವಿನ ನಾಲ್ಕನೇ ಹೊಟ್ಟೆ ಎಡಕ್ಕೆ ಸರಿದರೆ ಬೆರಳಿಂದ ತಟ್ಟಿದಾಗ ಬರುವ 'ಠಿಂಗ್' ಸದ್ದು ಯಾವ ಪಕ್ಕೆಲುಬಿನ ಹತ್ತಿರ ಕೇಳುತ್ತದೆ ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರಿಗೆ ಯಾರೂ ಹೇಳಿಕೊಡದ ವಿಷಯ ಒಂದೇ: ಜ್ವರ ನೋಡುವಾಗ ಥರ್ಮಾಮೀಟರನ್ನು ಕೈಯಿಂದ ಬಿಡಬಾರದು. ಬಿಟ್ಟರೆ ಹಸು ಅದನ್ನು ಸದ್ದಿಲ್ಲದೆ ಒಳಗೆಳೆದುಕೊಳ್ಳುತ್ತದೆ. ಆಮೇಲೆ ತೋಳುದ್ದದ ಗ್ಲೌಸು ಹಾಕಿಕೊಂಡು ಹುಡುಕಬೇಕು. ಮಾಲೀಕರು ಪಕ್ಕದಲ್ಲೇ ನಿಂತು "ಇದು ಯಾವ ಪರೀಕ್ಷೆ ಡಾಕ್ಟ್ರೇ?" ಎಂದು ಕೇಳುತ್ತಾರೆ.

ಪರಿಹಾರ ಸುಲಭ. ಥರ್ಮಾಮೀಟರಿನ ತುದಿಗೆ ಒಂದಡಿ ದಾರ, ದಾರದ ತುದಿಗೆ ಒಂದು ಕ್ಲಿಪ್ಪು, ಆ ಕ್ಲಿಪ್ಪು ಬಾಲದ ಕೂದಲಿಗೆ. ತುದಿ ಕರುಳಿನ ಗೋಡೆಗೆ ತಾಗುವಂತೆ ಸ್ವಲ್ಪ ಓರೆಯಾಗಿ ಹಿಡಿಯಬೇಕು. ಸಗಣಿಯ ಮುದ್ದೆಗೆ ಚುಚ್ಚಿದರೆ 40 ಡಿಗ್ರಿ ಜ್ವರದ ಹಸುವೂ ಆರೋಗ್ಯವಂತೆಯಾಗಿ ಕಾಣುತ್ತದೆ. ಇಷ್ಟನ್ನು ಮೊದಲ ದಿನ ಬೆಳಿಗ್ಗೆ ಹೇಳಿಕೊಟ್ಟರೆ ಸಾಕು. ಆದರೆ ಮಾರ್ಗದರ್ಶನ ಮಾಡಲು ಕೂತ ಹಿರಿಯರು ಮೊದಲ ದಿನ ಬೆಳಿಗ್ಗೆ ಹೇಳುವುದು ವೃತ್ತಿಯ ಘನತೆಯ ಬಗ್ಗೆ.

ಹಿರಿಯರ ಅಸಲಿ ಕಾಯಿಲೆಯ ಹೆಸರು 'ಕೊಡಿ ಇಲ್ಲಿ'. ಹೊಸಬರು ರಕ್ತನಾಳ ಹುಡುಕುತ್ತಿರುತ್ತಾರೆ, ನಾಯಿ ಕಾಲೆಳೆಯುತ್ತದೆ, ಹಿರಿಯರ ಕೈ ತಾನಾಗಿ ಮುಂದೆ ಬರುತ್ತದೆ: "ಕೊಡಿ ಇಲ್ಲಿ." ಎರಡು ಸೆಕೆಂಡಿನಲ್ಲಿ ಸೂಜಿ ಒಳಗೆ. ಎಲ್ಲರಿಗೂ ಸಮಾಧಾನ, ಹೊಸಬರಿಗೆ ಮಾತ್ರ ನಾಳೆಯೂ ರಕ್ತನಾಳ ಸಿಗುವುದಿಲ್ಲ. ಇದಕ್ಕಿರುವ ಔಷಧ ಎರಡೂ ಕೈ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುವುದು. ಅದೂ ಸಾಲದಿದ್ದರೆ ನಾಯಿಯನ್ನು ಹಿಡಿದುಕೊಳ್ಳುವ ಕೆಲಸವನ್ನು ಹಿರಿಯರೇ ವಹಿಸಿಕೊಳ್ಳಬೇಕು. ಅರ್ಧ ಸಲ ತೊಂದರೆ ಇರುವುದು ಸೂಜಿಯಲ್ಲಲ್ಲ, ಹಿಡಿದವರಲ್ಲಿ. ನಾಯಿಯ ಮೊಣಕೈಯನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ, ಹೆಬ್ಬೆರಳಿನಿಂದ ನಾಳವನ್ನು ಒತ್ತಿ ಸ್ವಲ್ಪ ಹೊರಕ್ಕೆ ತಿರುಗಿಸಿ ಹಿಡಿದರೆ ನಾಳ ತಾನಾಗಿಯೇ ಉಬ್ಬಿ ನಿಲ್ಲುತ್ತದೆ.

ಈ ಕೈಕಟ್ಟುವ ಕಷ್ಟ ನಿಜವಾಗಿ ತಿಳಿಯುವುದು ಹೆಣ್ಣುನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ. ಪಳಗಿದ ಕೈಗೆ ಅರ್ಧ ಗಂಟೆಯ ಕೆಲಸ, ಹೊಸಬರಿಗೆ ಒಂದೂವರೆ ಗಂಟೆ. ಮೊದಲ ತಪ್ಪು ಚರ್ಮದ ಮೇಲೆಯೇ ಆಗುತ್ತದೆ: ಕೊಯ್ತ ತೀರಾ ಚಿಕ್ಕದು. ಚಿಕ್ಕ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆ. ಗಾಯ ಮಾಯುವುದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಉದ್ದಕ್ಕಲ್ಲ, ಆದ್ದರಿಂದ ಎರಡು ಸೆಂಟಿಮೀಟರ್ ಹೆಚ್ಚು ಕೊಯ್ದರೆ ಗುಣವಾಗುವ ದಿನ ಹೆಚ್ಚುವುದಿಲ್ಲ. ಬೆಳಕು ಮಾತ್ರ ಹೆಚ್ಚುತ್ತದೆ. ಎರಡನೆಯದು ಅಂಡಾಶಯ ಮೇಲೆ ಬಾರದಿರುವುದು. ಅದನ್ನು ಮೂತ್ರಪಿಂಡದ ಕಡೆಗೆ ಬಿಗಿದು ಹಿಡಿದ ಒಂದು ತಂತು ಇದೆ. ಅದನ್ನು ಬೆರಳಿನಿಂದ ಮೀಟಿ ಸಡಿಲಿಸಬೇಕು. ಹೊಸಬರು ಹೆದರಿ ಹೆದರಿ ಹತ್ತು ನಿಮಿಷ ಅದನ್ನು ನೇವರಿಸುತ್ತಾರೆ, ಹನ್ನೊಂದನೇ ನಿಮಿಷಕ್ಕೆ ತಾಳ್ಮೆಗೆಟ್ಟು ಜಗ್ಗುತ್ತಾರೆ. ಜಗ್ಗಿದ್ದು ತಂತುವಿಗೆ, ಹರಿಯುವುದು ಪಕ್ಕದ ರಕ್ತನಾಳ.

ಆಗ ಹೊಟ್ಟೆಯೊಳಗೆ ಕೆಂಪು ಕೆರೆ. ಹೊಸಬರ ಕೈಗೆ ಮೊದಲು ಸಿಗುವುದು ನಾಳ ಅದುಮಿ ಹಿಡಿಯುವ ಕ್ಲಾಂಪು, ಅದನ್ನು ಕೆರೆಯೊಳಗೆ ಕುರುಡಾಗಿ ಇಳಿಸಿದರೆ ಸಿಕ್ಕಿಬೀಳುವುದು ಮೂತ್ರನಾಳ. ಹಿರಿಯರ ಬಾಯಿಂದ ಈಗ ಬರಬೇಕಾದ ಮಾತು "ಗಾಜ್ ಬಟ್ಟೆ ಇಟ್ಟು ಒತ್ತಿ, ಗಡಿಯಾರ ನೋಡಿ, ಐದು ನಿಮಿಷ." ಐದು ನಿಮಿಷ ಎಂದರೆ ಗಡಿಯಾರದ ಐದು, ಎದೆಬಡಿತದ ಐದಲ್ಲ. ಆ ಹೊತ್ತಿನಲ್ಲಿ ಕೊಯ್ತವನ್ನು ಉದ್ದ ಮಾಡಬೇಕು. ಹರಿದ ನಾಳ ಬಲಗಡೆಯದಾದರೆ ಸಣ್ಣಕರುಳಿನ ಮೊದಲ ಭಾಗವನ್ನು ಎತ್ತಿ ಎಡಕ್ಕೆ ಸರಿಸಿ, ಎಡಗಡೆಯದಾದರೆ ದೊಡ್ಡಕರುಳನ್ನು ಬಲಕ್ಕೆ ಸರಿಸಿ. ಕರುಳಿನ ಪೊರೆಯೇ ಪರದೆಯಾಗಿ ಉಳಿದ ಕರುಳನ್ನೆಲ್ಲ ತಡೆದು ನಿಲ್ಲಿಸುತ್ತದೆ. ಮೂತ್ರಪಿಂಡದ ಹಿಂದಿನ ತುದಿಯಲ್ಲಿ, ಕಳೆದುಹೋದ ನಾಳದ ಮೋಟು ಅಲ್ಲೇ ಇರುತ್ತದೆ. ಇಷ್ಟನ್ನು ನಿಧಾನವಾಗಿ, ಬಸ್ಸಿನ ದಾರಿ ಹೇಳುವ ದನಿಯಲ್ಲಿ ಹೇಳಬೇಕು. ಹಿರಿಯರ ದನಿ ಅರ್ಧ ಶ್ರುತಿ ಏರಿದರೂ ಹೊಸಬರ ಕೈ ನಡುಗುತ್ತದೆ. ಹೊಲಿಯುವ ಮೊದಲು ಗಾಜ್ ಎಣಿಸಿ. ಹತ್ತು ಒಳಗೆ ಹೋಗಿದ್ದರೆ ಹತ್ತು ಹೊರಗೆ ಬರಬೇಕು. ಒಂಬತ್ತಾದರೆ ಹತ್ತನೆಯದು ಸಾಮಾನ್ಯವಾಗಿ ಯಾರದೋ ಚಪ್ಪಲಿಗೆ ಅಂಟಿಕೊಂಡಿರುತ್ತದೆ. ಹಾಗಂತ ಅದು ಕಣ್ಣಿಗೆ ಕಾಣುವವರೆಗೆ ಹೊಟ್ಟೆ ಮುಚ್ಚುವಂತಿಲ್ಲ.

ಔಷಧದ ಲೆಕ್ಕದಲ್ಲಿ ನಗು ಕಮ್ಮಿ. ಕುದುರೆಯನ್ನು ಮಂಪರಿಗೆ ಇಳಿಸಲು ಜೈಲಜಿನ್ ಕಿಲೋ ತೂಕಕ್ಕೆ ಸುಮಾರು 1 ಮಿ.ಗ್ರಾಂ ಬೇಕು. ಹಸುವಿಗೆ ಅದರ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಮ್ಮಿ ಸಾಕು. ಅದೇ ಔಷಧ ಮಿ.ಲೀ.ಗೆ 20 ಮಿ.ಗ್ರಾಂ ಇರುವ ಬಾಟಲಿಯಲ್ಲೂ ಬರುತ್ತದೆ, 100 ಮಿ.ಗ್ರಾಂ ಇರುವ ಬಾಟಲಿಯಲ್ಲೂ ಬರುತ್ತದೆ. 400 ಕಿಲೋ ಹಸುವಿಗೆ ಕಿಲೋಗೆ 0.05 ಮಿ.ಗ್ರಾಂ ಲೆಕ್ಕದಲ್ಲಿ 20 ಮಿ.ಗ್ರಾಂ. ಒಂದು ಬಾಟಲಿಯಿಂದ 1 ಮಿ.ಲೀ., ಇನ್ನೊಂದರಿಂದ 0.2 ಮಿ.ಲೀ. ಬಾಟಲಿ ಅದಲುಬದಲಾದರೆ ಹಸು ಮಲಗುತ್ತದೆ, ಹೊಟ್ಟೆಯುಬ್ಬರ ಬರುತ್ತದೆ, ಬಾಯಿಗೆ ಬಂದ ಮೇವು ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಸಂಜೆ ಹೊಸಬರ ಕೆಲಸ ಅದನ್ನು ಎದೆಯ ಮೇಲೆ ನೆಟ್ಟಗೆ ಕೂರುವಂತೆ ಎರಡು ಹುಲ್ಲಿನ ಹೊರೆ ಒತ್ತುಕೊಟ್ಟು ಹಿಡಿದುಕೊಂಡಿರುವುದು. ಇನ್ಸುಲಿನ್ನಿನದೂ ಇದೇ ಕಥೆ. ಮಿ.ಲೀ.ಗೆ 100 ಯುನಿಟ್ ಇರುವ ಇನ್ಸುಲಿನ್ನನ್ನು ಮಿ.ಲೀ.ಗೆ 40 ಯುನಿಟ್ ಲೆಕ್ಕದಲ್ಲಿ ಗೆರೆ ಹಾಕಿದ ಸಿರಿಂಜಿನಲ್ಲಿ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಪಟ್ಟು.

"ಲೆಕ್ಕ ಸರಿಯಿದೆಯಾ?" ಎಂದು ಹೊಸಬರನ್ನು ಕೇಳಿ ಪ್ರಯೋಜನವಿಲ್ಲ, ಅವರ ಲೆಕ್ಕ ಅವರಿಗೆ ಯಾವಾಗಲೂ ಸರಿ. ತೂಕ, ಪ್ರಮಾಣ, ಬಾಟಲಿಯ ಮೇಲಿನ ಸಂಖ್ಯೆ ಮೂರನ್ನೂ ಬಾಯಿಬಿಟ್ಟು ಓದಿಸಿ, ಉತ್ತರವನ್ನು ಮಿ.ಲೀ.ನಲ್ಲಿ ಕಾಗದದ ಮೇಲೆ ಬರೆಸಿ, ಆಮೇಲೆ ಸಿರಿಂಜು ಮುಟ್ಟಲು ಬಿಡಿ. ಬಾಯಿಬಿಟ್ಟು ಓದುವಾಗ ತಪ್ಪು ಅವರ ಕಿವಿಗೇ ಬೀಳುತ್ತದೆ. ಹಿರಿಯರ ತಪ್ಪೂ ಹೀಗೆಯೇ ಸಿಕ್ಕಿಬೀಳುತ್ತದೆ. ಬಹುಶಃ ಅದಕ್ಕೇ ಎಷ್ಟೋ ಹಿರಿಯರಿಗೆ ಈ ಪದ್ಧತಿ ಇಷ್ಟವಿಲ್ಲ.

ಹೊಸಬರಿಗೆ ಬೇಕಂತಲೇ ಬಿಟ್ಟುಕೊಡಬೇಕಾದ ಕೇಸು ಹಾಲುಜ್ವರ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ. ಕರು ಹಾಕಿ ಒಂದೆರಡು ದಿನವಾದ ಹಸು ಏಳಲಾರದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ, ಮೂತಿ ಒಣಗಿ ಕೂತಿರುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ಮೈಬಿಸಿಗೆ ಬರುವಂತೆ ಬಿಸಿನೀರಿನಲ್ಲಿ ಇಟ್ಟು, ಕತ್ತಿನ ನಾಳಕ್ಕೆ ಹತ್ತು-ಹದಿನೈದು ನಿಮಿಷ ನಿಧಾನವಾಗಿ ಹರಿಸಬೇಕು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಸ್ಟೆತಸ್ಕೋಪು, ಕಿವಿ ಪೂರ್ತಿ ಹೃದಯದ ಮೇಲೆ. ಬಡಿತ ತಪ್ಪಿದರೆ, ತೀರಾ ನಿಧಾನವಾದರೆ ಬಾಟಲಿ ಕೆಳಗೆ. ಅವಸರದಲ್ಲಿ ಬಾಟಲಿ ಎತ್ತಿ ಹಿಡಿದರೆ ಹೃದಯ ನಿಲ್ಲಬಹುದು. ಸರಿಯಾಗಿ ಹರಿದರೆ ಪಕ್ಕೆಯ ಮಾಂಸ ಸಣ್ಣಗೆ ಅದುರುತ್ತದೆ, ಹಸು ತೇಗುತ್ತದೆ, ಸಗಣಿ ಹಾಕುತ್ತದೆ, ಒಣಮೂತಿಯ ಮೇಲೆ ಹನಿ ಮೂಡುತ್ತದೆ. ಆಮೇಲೆ ಎದ್ದು ನಿಲ್ಲುತ್ತದೆ. ಇಡೀ ವೈದ್ಯಶಾಸ್ತ್ರದಲ್ಲಿ ಇಷ್ಟು ಬೇಗ ಫಲ ಕಾಣುವ ಚಿಕಿತ್ಸೆಗಳು ಬೆರಳೆಣಿಕೆಯಷ್ಟು, ಆ ಹೆಸರು ಹೊಸಬರಿಗೇ ಬರಲಿ.

ಎಡವಟ್ಟಾಗುವುದು ಹಸು ಎದ್ದ ಮೇಲೆ. ಸೂಜಿ ತೆಗೆಯುವ ಮೊದಲೇ ಅದು ಎದ್ದರೆ ರಬ್ಬರ್ ಕೊಳವೆ ಡಾಕ್ಟರ ಕೈಗೆ ಸುತ್ತಿಕೊಂಡು, ರೋಗಿ ಮುಂದೆ, ವೈದ್ಯರು ಹಿಂದೆ. ಬಾಟಲಿಯಲ್ಲಿ ಕೊನೆಯ ಗುಟುಕು ಉಳಿದಿರುವಾಗಲೇ ಕಾಲು ಎತ್ತ ಇಡುವುದು ಎಂದು ನೋಡಿಕೊಂಡಿರಬೇಕು. ಮತ್ತೆ, ಮಾಲೀಕರು ಕೈಮುಗಿಯುವ ಮೊದಲೇ ಎರಡು ಮಾತು ಹೇಳಿಬಿಡಬೇಕು: ಇಂಥ ಹಸುಗಳಲ್ಲಿ ಸುಮಾರು ನಾಲ್ಕಕ್ಕೆ ಒಂದು ಒಂದೆರಡು ದಿನದೊಳಗೆ ಮತ್ತೆ ಬೀಳಬಹುದು, ಮತ್ತು ಮೊದಲ ದಿನ ಕೆಚ್ಚಲನ್ನು ಪೂರ್ತಿ ಬರಿದು ಮಾಡಬಾರದು. ಮೊದಲೇ ಹೇಳಿದರೆ ಅದು ಮುನ್ನೆಚ್ಚರಿಕೆ. ಬಿದ್ದ ಮೇಲೆ ಹೇಳಿದರೆ ನೆಪ.

ನಾಯಿಯ ಗುದಗ್ರಂಥಿ, ಅಂದರೆ ಗುದದ ಪಕ್ಕದ ಗಬ್ಬುನಾತದ ರಸದ ಚೀಲ, ಹಿಂಡುವ ಬಗ್ಗೆ ಉದ್ದಕ್ಕೆ ಬರೆಯುವಂತಿಲ್ಲ. ಗಡಿಯಾರದ ನಾಲ್ಕು ಮತ್ತು ಎಂಟರ ಜಾಗ, ಹತ್ತಿಯ ದಪ್ಪ ಉಂಡೆ ಅಡ್ಡ ಹಿಡಿದು ಒತ್ತುವುದು, ಮುಖ ಪಕ್ಕಕ್ಕೆ, ಬಾಯಿ ಮುಚ್ಚಿರಲಿ. ಕೊನೆಯದನ್ನು ಮಾತ್ರ ಎಲ್ಲರೂ ಅನುಭವದಿಂದಲೇ ಕಲಿಯುತ್ತಾರೆ.

ರಾತ್ರಿ ಪಾಳಿಯ ಫೋನಿಗೆ ಒಂದೇ ನಿಯಮ: ಕೊಯ್ಯುವ ಮೊದಲು ಫೋನ್ ಮಾಡಿ, ಕೊಯ್ದಾದ ಮೇಲಲ್ಲ. ಕರು ಹೊರಬಾರದೆ ಇಪ್ಪತ್ತು ನಿಮಿಷ ಒದ್ದಾಡಿದರೂ ಒಂದಿಂಚು ಮುಂದುವರಿಯದಿದ್ದರೆ ಫೋನ್. ಹಿರಿಯರು ಹಗಲಿನಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಡದೆ "ನಿಮಗೇನನ್ನಿಸುತ್ತೆ?" ಎಂದು ತಿರುಗಿ ಕೇಳುವುದು ಒಳ್ಳೆಯ ಅಭ್ಯಾಸ. ಆದರೆ ಆ ಕಡೆಯವರ ಬಲಗೈ ಭುಜದವರೆಗೆ ಹಸುವಿನ ಒಳಗಿದ್ದು, ಫೋನು ಎಡಗಿವಿ ಮತ್ತು ಹೆಗಲ ನಡುವೆ ಸಿಕ್ಕಿಕೊಂಡಿರುವಾಗ ಹಾಗೆ ಕೇಳಬಾರದು. ಆಗ ಕೇಳಬೇಕಾದದ್ದು ಹೌದು-ಅಲ್ಲ ಎಂದು ಉತ್ತರಿಸಬಹುದಾದ್ದನ್ನು. ಗೊರಸಿನಿಂದ ಮೇಲಕ್ಕೆ ಮೊದಲ ಎರಡು ಗೆಣ್ಣೂ ಒಂದೇ ಕಡೆ ಮಡಚುತ್ತವಾ? ಹಾಗಾದರೆ ಮುಂಗಾಲು. ಒಂದು ಅತ್ತ, ಒಂದು ಇತ್ತ? ಹಿಂಗಾಲು. ತಲೆ ಕೈಗೆ ಸಿಗುತ್ತಾ? ಎರಡೂ ಕಾಲನ್ನು ಹೆಗಲಿನವರೆಗೆ ತಡವಿ ಅವು ಒಂದೇ ಕರುವಿನವು ಎಂದು ನೋಡಿದ್ದೀರಾ? ಅವಳಿಯಲ್ಲಿ ಒಂದರ ಎಡಗಾಲು, ಇನ್ನೊಂದರ ಬಲಗಾಲು ಹಿಡಿದು ಎಳೆದರೆ ಊರಿನ ಗಂಡಸರೆಲ್ಲ ಹಗ್ಗ ಹಿಡಿದರೂ ಬರುವುದಿಲ್ಲ. ಹಗ್ಗದ ಕುಣಿಕೆ ಗೊರಸಿನ ಮೇಲಿನ ಮೊದಲ ಗೆಣ್ಣಿಗಿಂತ ಮೇಲೆ, ಇನ್ನೊಂದು ಸುತ್ತು ಅದರ ಕೆಳಗೆ. ಒಂದೇ ಸುತ್ತಾದರೆ ಎಲುಬು ಮುರಿಯಬಹುದು. ಎರಡು ಕಾಲನ್ನೂ ಒಟ್ಟಿಗೆ ಜಗ್ಗದೆ ಒಂದಾದ ಮೇಲೊಂದು ಎಳೆದರೆ ಹೆಗಲು ಓರೆಯಾಗಿ ನುಸುಳುತ್ತದೆ. ಕರು ಬಂತೆಂದು ಕೈ ತೊಳೆಯಬೇಡಿ, ಇನ್ನೊಂದು ಕರು ಇದೆಯೇ, ಗರ್ಭಕೋಶ ಹರಿದಿದೆಯೇ ಎಂದು ಮತ್ತೊಮ್ಮೆ ಒಳಗೆ ನೋಡಿ.

ಬ್ರಿಟನ್ನಿನ ಪಶುವೈದ್ಯ ನಿಯಂತ್ರಣ ಸಂಸ್ಥೆಯಾದ ಆರ್‌ಸಿವಿಎಸ್, ಹೊಸ ಪದವೀಧರರಿಗಾಗಿ 2021ರಲ್ಲಿ ವೆಟ್‌ಜಿಡಿಪಿ ಎಂಬ ಕಾರ್ಯಕ್ರಮ ತಂದಾಗ, ಸಲಹೆಗಾರರು ವಾರಕ್ಕೆ ಒಂದು ಗಂಟೆಯಷ್ಟು ಹೊತ್ತನ್ನು ಹೊಸಬರಿಗೆ ಕೊಡಬೇಕೆಂದು ಗೊತ್ತುಮಾಡಿತು. ಗಂಟೆ ಸಣ್ಣದೇ. ಆದರೆ ಆಸ್ಪತ್ರೆಯೊಳಗೆ ಕೂತರೆ ಆ ಗಂಟೆಯಲ್ಲಿ ವಾಂತಿ ಮಾಡುವ ನಾಯಿ ಮೂರು ಬರುತ್ತವೆ. ಹೊರಗೆ ಹೋಗಿ ಕೂರುವುದು ಮೇಲು. ಆ ವಾರ ಕೆಟ್ಟ ಕೇಸಿನ ಬಗ್ಗೆ ಮೊದಲು ಹೊಸಬರೇ ಮಾತಾಡಲಿ. ಹಿರಿಯರು ಬಾಯಿ ತೆರೆದರೆ ತಮ್ಮ ಕಾಲದ ಇದಕ್ಕಿಂತ ಕೆಟ್ಟ ಕೇಸಿನ ಕಥೆ ಶುರುವಾಗುತ್ತದೆ, ಗಂಟೆ ಅಲ್ಲಿಗೆ ಮುಗಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಒಬ್ಬ ಮಾಲೀಕರು ಹೊಸಬರ ಭುಜದ ಮೇಲಿಂದ ಒಳಕೋಣೆಯತ್ತ ನೋಡಿ "ದೊಡ್ಡ ಡಾಕ್ಟ್ರು ಇಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಹಿರಿಯರು ಹೊರಬಂದು ನಾಯಿಯ ಹೊಟ್ಟೆ ಮುಟ್ಟಿ, ಹೊಸಬರು ಹೇಳಿದ್ದನ್ನೇ ಗಡಸು ದನಿಯಲ್ಲಿ ಹೇಳಿದರೆ ಮಾಲೀಕರು ತಲೆದೂಗುತ್ತಾರೆ, ಮುಂದಿನ ಸಲ ಬಂದಾಗ ನೇರ ಒಳಕೋಣೆಗೇ ನಡೆಯುತ್ತಾರೆ. ಅದಕ್ಕೇ ಬಾಗಿಲಲ್ಲೇ ನಿಂತು, ಸ್ಟೆತಸ್ಕೋಪಿಗೆ ಕೈ ಹಾಕದೆ, "ಅವರೇ ನೋಡ್ತಾರೆ, ನಾನೂ ವಿಚಾರಿಸಿದ್ದೀನಿ" ಎಂದು ಹೇಳಿ ಹಿಂದೆ ಸರಿಯಬೇಕು. ಹೊಸಬರು ಹೇಳಿದ್ದು ನಿಜಕ್ಕೂ ತಪ್ಪಾಗಿದ್ದರೆ? ಮಾಲೀಕರೆದುರು ತಿದ್ದುವುದು ಬೇಡ. "ಡಾಕ್ಟ್ರೇ, ತೂಕ ಇನ್ನೊಂದ್ಸಲ ನೋಡೋಣ್ವಾ?" ಎಂದು ನಾಯಿಯನ್ನೂ ಹೊಸಬರನ್ನೂ ಒಳಗೆ ಕರೆದುಕೊಂಡು ಹೋಗಿ ಅಲ್ಲಿ ಮಾತಾಡಬಹುದು. ತೂಕ ಎರಡು ಸಲ ನೋಡಿದ್ದರಿಂದ ಯಾವ ನಾಯಿಗೂ ನಷ್ಟವಾಗಿಲ್ಲ. ಎಷ್ಟೋ ಸಲ ಮೊದಲನೇ ಸಲ ಯಾರೂ ನೋಡಿಯೇ ಇರುವುದಿಲ್ಲ.