ಬಿಲ್ಲು ಯಾರು ಕೊಟ್ಟರು ಸ್ವಾಮಿ?

ಈಗಷ್ಟೇ ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರೋಡಿನಿಂದ ಮನೆಗೆ ಬಂದು ಕೂತಿದ್ದೇನೆ. ಹೊಟ್ಟೆ ತುಂಬಿಲ್ಲ, ತಲೆ ಮಾತ್ರ ಕೆಟ್ಟಿದೆ. ಹೋಟೆಲಿನ ಹೆಸರು ಹೇಳೋದಿಲ್ಲ, ಇನ್‌ಬಾಕ್ಸಿಗೆ ಬಂದು ಕೇಳಲೂಬೇಡಿ.

ಪಕ್ಕದ ಟೇಬಲ್ಲಿಗೆ ಮೂರು ಜನ ಬಂದರು. ಒಬ್ಬಳ ಕೈಯಲ್ಲಿ ಫೋನು, ಇನ್ನೊಬ್ಬನ ಕೈಯಲ್ಲಿ ರಿಂಗ್ ಲೈಟು, ಮೂರನೆಯವನದು ಬರೀ ನಿರ್ದೇಶನ. ಮಾಲೀಕರು ಸ್ವತಃ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದರು. ತುಪ್ಪ ಸುರಿಯೋದು ಕ್ಯಾಮೆರಾಕ್ಕೆ ಸರಿಯಾಗಿ ಸಿಗಲಿಲ್ಲ ಅಂತ ಇನ್ನೊಂದು ದೋಸೆ ಬಂತು, ಅದರ ಮೇಲೂ ತುಪ್ಪ ಸುರಿದರು. ಆಕೆ ಒಂದು ಚೂರು ಮುರಿದು, ಅದು ಇನ್ನೂ ತುಟಿ ಹತ್ತಿರ ಇರುವಾಗಲೇ ಕಣ್ಣು ಮುಚ್ಚಿ, ಆಹಾ ಅಂತ ತಲೆ ಆಡಿಸಿದಳು. ನಾಲಿಗೆಗೆ ತಾಗುವ ಮುಂಚೆಯೇ ರುಚಿ ತಿಳಿಯುವ ಸಿದ್ಧಿ! ನಮಗೆಲ್ಲಿ ಬರಬೇಕು. ಎರಡೂ ದೋಸೆ ತಟ್ಟೆಯಲ್ಲೇ ಮೆತ್ತಗಾಗುತ್ತಾ ಬಿದ್ದಿದ್ದವು. ಅವರು ಎದ್ದರು, ಮಾಲೀಕರು ಮಿಠಾಯಿ ಡಬ್ಬಿ ಕೈಗಿಟ್ಟರು, ಹೊರಟರು. ಬಿಲ್ಲಿನ ಮಾತೇ ಬರಲಿಲ್ಲ.

ಆಮೇಲೆ ನಮ್ಮ ದೋಸೆ ಬಂತು. ಹೊರಗೆ ಬಿಸಿ, ಒಳಗಿನ ಪಲ್ಯಕ್ಕೆ ಇನ್ನೂ ಫ್ರಿಜ್ಜಿನ ಚಳಿ ಬಿಟ್ಟಿರಲಿಲ್ಲ. ಸಾಂಬಾರು ಕೆನೆ ಕಟ್ಟಿತ್ತು. ಸಪ್ಲೈ ಮಾಡೋ ಹುಡುಗನಿಗೆ ಹೇಳಿದೆ. ಪಾಪ, ಅವನು ನಕ್ಕು, ಟೇಬಲ್ಲಿನ ಮೇಲಿದ್ದ ಕ್ಯೂಆರ್ ಕಾರ್ಡು ನನ್ನ ಕಡೆಗೆ ತಿರುಗಿಸಿದ: "ಸರ್, ಗೂಗಲ್‌ನಲ್ಲಿ ಐದು ಸ್ಟಾರ್ ಹಾಕಿದ್ರೆ ಜಾಮೂನ್ ಫ್ರೀ." ನಮ್ಮನೆಯವಳು ಸ್ಟಾರ್ ಹಾಕದೆಯೇ ಜಾಮೂನು ಪಾರ್ಸಲ್ ಮಾಡಿಸಿಕೊಂಡಳು. ಅದು ಅವಳ ಸಾಮರ್ಥ್ಯ.

ಕಾರಿನಲ್ಲಿ ಬರುತ್ತಾ ಪೀಟ್ ವೆಲ್ಸ್ ನೆನಪಾದ. ನನ್ನ ಗೋಡೆ ಓದುವವರಿಗೆ ಈ ಹೆಸರು ಹೊಸದಲ್ಲ. ರೈಲಿನಲ್ಲಿ ಕೂತು ಬುಧವಾರದ ನ್ಯೂಯಾರ್ಕ್ ಟೈಮ್ಸ್ ಆಹಾರ ಪುರವಣಿ ಓದಿ ಒಬ್ಬನೇ ನಗ್ತಿದ್ದವನು ನಾನು. 2012ರಿಂದ ಆ ಪತ್ರಿಕೆಯ ಹೋಟೆಲ್ ವಿಮರ್ಶಕನಾಗಿದ್ದ ಮನುಷ್ಯ 2024ರ ಜುಲೈನಲ್ಲಿ, ಇನ್ನು ನನ್ನ ಕೈಲಾಗದು ಅಂತ ಬರೆದು ಆ ಕುರ್ಚಿ ಬಿಟ್ಟ. ಕಾರಣ ಏನು ಗೊತ್ತಲ್ಲ? ಡಾಕ್ಟರ ಹತ್ತಿರ ಹೋದರೆ ಕೊಲೆಸ್ಟರಾಲು, ಸಕ್ಕರೆ, ರಕ್ತದೊತ್ತಡ ಎಲ್ಲ ಏರಿ ಕೂತಿದ್ದವಂತೆ. ನನ್ನದೂ ಅದೇ ವರದಿ, ಆದರೆ ನನಗೆ ಯಾರೂ ಸಂಬಳ ಕೊಟ್ಟಿಲ್ಲ. ವೆಲ್ಸ್ ಪತ್ರಿಕೆಯನ್ನೇನೂ ಬಿಡಲಿಲ್ಲ, ತಿಂದು ತೀರ್ಪು ಕೊಡುವ ಕೆಲಸ ಬಿಟ್ಟ. ಆವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: "ತಿನ್ನೋಕೆ ದುಡ್ಡು ಕೊಡ್ತಾರೆ ಅಂದ್ರೆ ಬಿಡ್ತಾನಲ್ಲ, ಎಂಥ ದಡ್ಡ!" ಅದಕ್ಕೆ ನಲವತ್ತು ನಗುಮುಖಗಳು.

ತಿನ್ನೋಕೆ ದುಡ್ಡು ಕೊಡ್ತಾರೆ, ನಿಜ. ಯಾರು ಕೊಡ್ತಾರೆ ಅನ್ನೋದೇ ನನ್ನ ತಕರಾರು. ಇವತ್ತು ಆ ಪಕ್ಕದ ಟೇಬಲ್ಲಿನವರಿಗೂ ಯಾರೋ ಕೊಟ್ಟರಲ್ಲ.

ವೆಲ್ಸ್‌ನಂಥವರ ಕೆಲಸದ ರೀತಿ ನೋಡಿ. ಬೇರೆ ಹೆಸರಿನಲ್ಲಿ ಟೇಬಲ್ ಕಾಯ್ದಿರಿಸಬೇಕು. ಒಂದೇ ಹೋಟೆಲಿಗೆ ಸಾಮಾನ್ಯವಾಗಿ ಮೂರು ಸಲವಾದರೂ ಹೋಗಬೇಕು, ಯಾಕಂದರೆ ಭಟ್ಟರಿಗೆ ಒಂದು ದಿನ ಕೈ ಕೆಟ್ಟಿರಬಹುದು. ಜೊತೆಗೆ ನಾಲ್ಕು ಜನ ಹೋಗಿ ನಾಲ್ಕು ಬಗೆ ತರಿಸಿ ಎಲ್ಲದರಲ್ಲೂ ಒಂದೊಂದು ತುತ್ತು. ಕೊನೆಗೆ ಬಿಲ್ಲು ಬರುತ್ತೆ. ಅದನ್ನು ಪತ್ರಿಕೆ ಕೊಡುತ್ತೆ, ಪೂರ್ತಿ. ಆ ಒಂದು ಬಿಲ್ಲಿನಲ್ಲಿ ಇಡೀ ವಿಮರ್ಶೆಯ ಮಾನ ಇದೆ. ನಮ್ಮ ಕಡೆ ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಸರಿಯಾಗೇ ಹೇಳಿದ್ದಾರೆ. ಬಿಟ್ಟಿ ಉಂಡವನು ಎಲೆ ಮುಂದೆ ಕೂತು ಸಾರಿಗೆ ಉಪ್ಪಿಲ್ಲ ಅಂದರೆ ಅವನಂಥ ಕೃತಘ್ನ ಇಲ್ಲ. ಹಾಗಾಗಿ ಉಪ್ಪಿಲ್ಲ ಅಂತ ಹೇಳುವ ಹಕ್ಕು ಬೇಕಿದ್ದರೆ ಉಪ್ಪಿನ ಋಣ ಇರಬಾರದು. ದುಡ್ಡು ಎಣಿಸಿ ಕೊಟ್ಟು ಎದ್ದು ಬರಬೇಕು. ಇಷ್ಟೇ ನಾನು ಹೇಳೋದು. ಇದನ್ನೇ ಇನ್ನು ಮೂರು ಸಲ ಹೇಳ್ತೀನಿ, ಬೇಜಾರಾದವರು ಈಗಲೇ ಮುಂದಿನ ಪೋಸ್ಟಿಗೆ ಹೋಗಬಹುದು.

2016ರ ಜನವರಿಯಲ್ಲಿ ವೆಲ್ಸ್ ಪರ್ ಸೆ ಹೋಟೆಲಿನ ಬಗ್ಗೆ ಬರೆದದ್ದು ನೆನಪಿದೆಯಾ? ಥಾಮಸ್ ಕೆಲ್ಲರ್ ಅನ್ನೋ ಮಹಾಬಾಣಸಿಗನದ್ದು, ಆಗ ತಲೆಗೆ 325 ಡಾಲರ್. ಪತ್ರಿಕೆ ಕೊಟ್ಟಿದ್ದ ನಾಲ್ಕು ಸ್ಟಾರನ್ನು ಎರಡಕ್ಕೆ ಇಳಿಸಿದ. ಅಲ್ಲಿನ ಅಣಬೆ ಸಾರು ಗಾಂಜಾ ಸೇದುವ ಕೊಳವೆಯ ನೀರಿನ ಹಾಗೆ ಕದಡಿತ್ತು ಅಂತ ಬರೆದ. ಕೆಲ್ಲರ್ ಬೈಯಲಿಲ್ಲ, ನೋಟಿಸು ಕಳಿಸಲಿಲ್ಲ. ಗ್ರಾಹಕರ ಕ್ಷಮೆ ಕೇಳಿ ಬಹಿರಂಗವಾಗಿ ಬರೆದ. ಈಗ ಹೇಳಿ, ಮಿಠಾಯಿ ಡಬ್ಬಿ ಇಸ್ಕೊಂಡು ಹೋದ ಆ ಮೂವರಲ್ಲಿ ಯಾರಾದರೂ ಪಲ್ಯ ತಣ್ಣಗಿತ್ತು ಅಂತಾದರೂ ಹೇಳ್ತಾರಾ? ಅವರಿಗೆ ಗೊತ್ತೂ ಆಗಿಲ್ಲ, ಬಿಡಿ. ತಿಂದಿದ್ದರೆ ತಾನೆ!

ವೆಲ್ಸ್‌ಗಿಂತ ಹಿಂದೆ ಅದೇ ಕುರ್ಚಿಯಲ್ಲಿ ರೂತ್ ರೈಕಲ್ ಅಂತ ಇದ್ದರು. ಆಕೆಯ ಫೋಟೋ ನ್ಯೂಯಾರ್ಕಿನ ಅಡುಗೆಮನೆಗಳಲ್ಲಿ ತೂಗುಹಾಕಿದ್ದರಂತೆ, ಬಂದರೆ ಗುರುತು ಹಿಡಿಯಲಿ ಅಂತ. ಆಕೆ ವಿಗ್ ಹಾಕಿ ವೇಷ ಬದಲಿಸಿ ಹೋಗೋಕೆ ಶುರು ಮಾಡಿದರು. 1993ರಲ್ಲಿ ಲೆ ಸರ್ಕ್ ಅನ್ನೋ ದೊಡ್ಡವರ ಹೋಟೆಲಿಗೆ ಯಾರೋ ಸಾಮಾನ್ಯ ಹೆಂಗಸಿನಂತೆ ಹೋದರೆ ಕಾಯಿಸಿ, ಮೂಲೆಗೆ ಕೂರಿಸಿದರು. ಗುರುತು ಸಿಕ್ಕ ದಿನ ಹೋದರೆ, ಸ್ಪೇನಿನ ದೊರೆಯೇ ಹೊರಗೆ ಕಾಯ್ತಿದ್ದಾರೆ, ನಿಮ್ಮ ಟೇಬಲ್ ಮಾತ್ರ ರೆಡಿ ಅಂತ ಒಳಗೆ ಕರೆದರು! ತಿಂಡಿಯ ಮೇಲಿನ ರಾಸ್ಪ್‌ಬೆರಿ ಹಣ್ಣುಗಳೂ ಮೂರು ಪಟ್ಟು ದೊಡ್ಡದಾಗಿದ್ದವಂತೆ. ಎರಡೂ ಅನುಭವ ಅಕ್ಕಪಕ್ಕ ಇಟ್ಟು ಬರೆದರು, ಒಂದು ಸ್ಟಾರ್ ಕಿತ್ತರು. ಇವತ್ತು ನನ್ನ ಟೇಬಲ್ಲಿಗೂ ಪಕ್ಕದ ಟೇಬಲ್ಲಿಗೂ ಇದ್ದ ಅಂತರ ನೋಡಿದಾಗ ಆ ಹಣ್ಣುಗಳೇ ಕಣ್ಣ ಮುಂದೆ ಬಂದವು.

ಈಗ ಬರುತ್ತೆ ನೋಡಿ ಕಾಮೆಂಟು. "ಒಬ್ಬ ಬಿಳಿಯ ಗಂಡಸು ಇಡೀ ಊರಿಗೆ ಏನು ತಿನ್ನಬೇಕು ಅಂತ ಹೇಳೋದಾ? ಈಗ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲರೂ ವಿಮರ್ಶಕರೇ, ಇದೇ ಪ್ರಜಾಪ್ರಭುತ್ವ." ಒಪ್ಪೋ ಮಾತು ಸ್ವಲ್ಪ ಇದೆ. ಆ ಪತ್ರಿಕೆಯ ದೊಡ್ಡ ಸ್ಟಾರುಗಳು ಬಹಳ ಕಾಲ ಫ್ರೆಂಚರ ಬಿಳಿ ಮೇಜುಬಟ್ಟೆ ಬಿಟ್ಟು ಕೆಳಗಿಳಿಯಲಿಲ್ಲ. ಆದರೆ ಅದನ್ನು ಸರಿ ಮಾಡಿದವರೂ ಬಿಲ್ಲು ಕೊಟ್ಟು ತಿಂದವರೇ ಅನ್ನೋದನ್ನು ಮರೀಬೇಡಿ. 1992ರಲ್ಲಿ ಅದೇ ಪತ್ರಿಕೆಯಲ್ಲಿ ಎರಿಕ್ ಅಸಿಮೋವ್ ಇಪ್ಪತ್ತೈದು ಡಾಲರಿನೊಳಗಿನ ಊಟಕ್ಕೇ ಅಂತ ಅಂಕಣ ಶುರು ಮಾಡಿದರು. ಆಮೇಲೆ ಲಿಗಾಯಾ ಮಿಶಾನ್ ವರ್ಷಗಟ್ಟಲೆ ಕ್ವೀನ್ಸ್, ಬ್ರೂಕ್ಲಿನ್ನಿನ ಸಣ್ಣಪುಟ್ಟ ಅಂಗಡಿಗಳನ್ನು ಹುಡುಕಿಕೊಂಡು ಹೋದರು. ನಮ್ಮ ತಮಿಳು ತಮ್ಮ ವಿಜಯ್ ಕುಮಾರ್ ಅಡುಗೆ ಮಾಡುವ, ನ್ಯೂಯಾರ್ಕಿನ ದಕ್ಷಿಣ ಭಾರತೀಯ ಹೋಟೆಲು ಸೆಮ್ಮಾಗೆ 2022ರಲ್ಲಿ ಮಿಶೆಲಿನ್ ಸ್ಟಾರ್ ಬಂತು, 2025ರಲ್ಲಿ ಟೈಮ್ಸ್ ತನ್ನ ನೂರು ಹೋಟೆಲುಗಳ ಪಟ್ಟಿಯಲ್ಲಿ ಅದನ್ನೇ ಮೊದಲು ಇಟ್ಟಿತು. ದೋಸೆಗೆ ಆ ಜಾಗ ಕೊಡಿಸಿದ್ದು ರಿಂಗ್ ಲೈಟಲ್ಲ.

ಇನ್ನು ಆ ಪ್ರಜಾಪ್ರಭುತ್ವ. ಗ್ರಾಹಕರೇ ಸ್ಟಾರ್ ಹಾಕುವ ಯೆಲ್ಪ್ ಜಾಲತಾಣ ಶುರುವಾದದ್ದು 2004ರಲ್ಲಿ. ಹಾರ್ವರ್ಡಿನ ಮೈಕೆಲ್ ಲೂಕಾ ಸಿಯಾಟಲ್ಲಿನ ಹೋಟೆಲುಗಳ ಲೆಕ್ಕ ತೆಗೆದು, ಅಲ್ಲಿ ಒಂದು ಸ್ಟಾರ್ ಏರಿದರೆ ವ್ಯಾಪಾರ ಶೇ 5ರಿಂದ 9ರಷ್ಟು ಏರುತ್ತೆ ಅಂತ ತೋರಿಸಿದರು. ಅಷ್ಟು ಬೆಲೆ ಇರುವ ವಸ್ತು ಮಾರುಕಟ್ಟೆಗೆ ಬರದೆ ಇರುತ್ತಾ? ಒಂದು ಜಾಮೂನಿನ ಅಸಲು ಎಷ್ಟು, ಒಂದು ಸ್ಟಾರಿನ ಲಾಭ ಎಷ್ಟು, ಗಲ್ಲಾದಲ್ಲಿ ಕೂತವನಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಹಾಗೆ ಕೊಂಡ ಹೊಗಳಿಕೆಗೆ ಅಮೆರಿಕದ ವ್ಯಾಪಾರ ಆಯೋಗ 2024ರ ಅಕ್ಟೋಬರಿನಿಂದ ನಿಷೇಧ ತಂದಿದೆ, ಒಂದೊಂದು ಉಲ್ಲಂಘನೆಗೆ ಐವತ್ತು ಸಾವಿರ ಡಾಲರಿಗೂ ಮೀರಿ ದಂಡ ಹಾಕಬಹುದು. ಆದರೂ ಆ ಕಾರ್ಡು ಟೇಬಲ್ಲಿನ ಮೇಲೆ, ಚಟ್ನಿ ಬಟ್ಟಲಿನ ಪಕ್ಕದಲ್ಲೇ ರಾಜಾರೋಷವಾಗಿ ಕೂತಿತ್ತು.

ಗಲ್ಲಾ ಅಂದೆನಲ್ಲ, ಒಂದು ಮಾತು ಹೇಳಿಬಿಡ್ತೀನಿ, ಎಷ್ಟೋ ವರ್ಷದಿಂದ ಒಳಗೇ ಇದೆ. ನಮ್ಮಪ್ಪ ಮಲೆನಾಡಿನ ಒಂದು ಸಣ್ಣ ಊರಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ನಮ್ಮನ್ನು ಓದಿಸಿದವರು ಅನ್ನೋದು ನಿಮಗೆಲ್ಲ ಗೊತ್ತು. ಊರಲ್ಲೊಂದು ವಾರಪತ್ರಿಕೆ ಇತ್ತು. ಅದರ ಸಂಪಾದಕರು ದಿನಾ ಬೆಳಿಗ್ಗೆ ಬಂದು ಮೂಲೆ ಟೇಬಲ್ಲಿನಲ್ಲಿ ಒಂದು ಮಸಾಲೆ, ಒಂದು ಸ್ಟ್ರಾಂಗ್ ಕಾಫಿ ಮುಗಿಸಿ, ಗಲ್ಲಾದ ಮುಂದೆ ನಿಂತು ಸೋಂಪು ಬಾಯಿಗೆ ಹಾಕಿಕೊಂಡು, "ಬರ್ತೀನಿ ಭಟ್ರೇ" ಅಂತ ಹೊರಡೋರು. ಅಪ್ಪ "ಆಯ್ತು ರಾಯರೇ" ಅನ್ನೋರು. ದುಡ್ಡಿನ ಮಾತಿಲ್ಲ. ಗಣೇಶನ ಹಬ್ಬದ ವಿಶೇಷ ಸಂಚಿಕೆಯಲ್ಲಿ "ಶುಚಿ ರುಚಿಗೆ ಹೆಸರಾದ" ನಮ್ಮ ಹೋಟೆಲಿನ ಬಗ್ಗೆ ಕಾಲು ಪುಟ ಬರೋದು. ಆ ಹೊತ್ತಿಗೆ ಹಿತ್ತಲಿನ ರುಬ್ಬುವ ಕಲ್ಲಿನ ಹತ್ತಿರ ಇಲಿ ಓಡಾಡ್ತಿದ್ದದ್ದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಬಹುಶಃ ರಾಯರಿಗೂ ಗೊತ್ತಿತ್ತು. ಕಾಲು ಪುಟವನ್ನು ಅಪ್ಪ ಫ್ರೇಮು ಹಾಕಿಸಿದ್ದರು. ನನಗೆ ಅದನ್ನು ನೋಡಿದರೆ ಹೆಮ್ಮೆ ಆಗ್ತಿತ್ತು, ಅದು ಬೇರೆ ಮಾತು. ಹಾಗಾಗಿ "ಹಿಂದೆಲ್ಲ ಚೆನ್ನಾಗಿತ್ತು, ಈ ರೀಲ್ಸ್ ಬಂದು ಕೆಟ್ಟಿತು" ಅಂತ ನನ್ನ ಹತ್ತಿರ ಯಾರೂ ಹೇಳಬೇಡಿ. ನಮ್ಮಲ್ಲಿ ಬಿಲ್ಲು ಕೊಟ್ಟು ತಿಂದು ಬರೆಯುವ ಪದ್ಧತಿ ಬೇರು ಬಿಡಲೇ ಇಲ್ಲ. ಆ ಮೂವರು ನಮ್ಮ ರಾಯರ ಮೊಮ್ಮಕ್ಕಳು, ಅಷ್ಟೇ.

ಬೆಂಗಳೂರಿನ ಗೆಳೆಯರೇ, ನೀವು ನಗಬೇಡಿ. ನಿಮ್ಮಲ್ಲಿ ಯಾರು ತಿಂದು, ದುಡ್ಡು ಕೊಟ್ಟು, ಬೈದು ಬರೀತಾರೆ? ರೀಲಿನಲ್ಲಿ ಕೆಂಪಗೆ ಹೊಳೆಯುತ್ತಿದ್ದ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚಿನಲ್ಲಿ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಮಾರನೇ ವರ್ಷ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸ್ತಾರೆ ಅಂತ ಗೊತ್ತಾಗಿ ಅದಕ್ಕೂ ನಿಷೇಧ. ಎಷ್ಟು ಸಾವಿರ ರೀಲ್ಸ್‌ನಲ್ಲಿ ಆ ಇಡ್ಲಿ ಹಬೆಯಾಡಿರಬೇಕು! ಒಬ್ಬನೂ ತಟ್ಟೆ ಎತ್ತಿ ಕೆಳಗೆ ನೋಡಲಿಲ್ಲ. ಪ್ರಚಾರ ಅಂದಮೇಲೆ ಪ್ರಚಾರ ಅಂತ ಹೇಳಿ, ಇಲ್ಲದಿದ್ದರೆ ಹತ್ತು ಲಕ್ಷದವರೆಗೆ ದಂಡ ಅಂತ ಕೇಂದ್ರ ಸರ್ಕಾರ 2023ರ ಜನವರಿಯಲ್ಲೇ ಹೇಳಿದೆ. ನಿಮ್ಮ ಫೋನಿನಲ್ಲಿ ನಿನ್ನೆ ನೋಡಿದ ಯಾವ ರೀಲಿನಲ್ಲಿ "ಈ ಬೆಣ್ಣೆ ದೋಸೆ ನನಗೆ ಪುಕ್ಕಟೆ ಸಿಕ್ಕಿತು" ಅಂತ ಇತ್ತು, ಹೇಳಿ ನೋಡೋಣ. ವಿಮರ್ಶಕ ಇದ್ದಿದ್ದರೂ ಅಡುಗೆಮನೆಗೆ ನುಗ್ಗಿ ನೋಡ್ತಿರಲಿಲ್ಲ, ಅದು ಅಧಿಕಾರಿಗಳ ಕೆಲಸ, ಒಪ್ತೀನಿ. ಆದರೆ ನಾಲಗೆ ಕೆಂಪಾಯಿತು ಅಂತ ಬರೆಯೋಕೆ ಅವನಿಗೆ ಯಾರ ಮುಲಾಜೂ ಇರ್ತಿರಲಿಲ್ಲ.

ವೆಲ್ಸ್ ಹೋದ ಜಾಗಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಖಾಯಂ ಆಗಿ ಯಾರೂ ಬರಲಿಲ್ಲ. 2025ರಲ್ಲಿ ಇಬ್ಬರನ್ನು ನೇಮಿಸಿದರು, ಅದೇ ಲಿಗಾಯಾ ಮಿಶಾನ್, ಜೊತೆಗೆ ತೇಜಲ್ ರಾವ್. ಇಬ್ಬರೂ ಮುಖ ತೋರಿಸಿಯೇ ಕೆಲಸ ಮಾಡ್ತಾರಂತೆ, ವಿಡಿಯೋದಲ್ಲೂ ಬರ್ತಾರೆ. ಮೊದಲು ಉರಿದುಹೋಯ್ತು. ಹಾಗಾದರೆ ರಾಸ್ಪ್‌ಬೆರಿ ಗತಿ? ಆಮೇಲೆ ಯೋಚಿಸಿದೆ, ಹೇಗೂ ಎಲ್ಲ ಅಡುಗೆಮನೆಯಲ್ಲೂ ಅವರ ಫೋಟೋ ಇರುತ್ತೆ, ಮುಚ್ಚಿಟ್ಟು ಏನು ಬಂತು. ಮುಖ ಕಂಡರೆ ಕಾಣಲಿ, ಬಿಲ್ಲನ್ನು ಮಾತ್ರ ಪತ್ರಿಕೆ ಕೊಡ್ತಾ ಇರಲಿ.

ನನ್ನ ಹೊಟ್ಟೆಯುರಿ ಇರೋದು ಇಲ್ಲಿ, ಹಡ್ಸನ್ ನದಿಯ ಈಚೆ ದಡದ ನ್ಯೂಜೆರ್ಸಿಯ ಬಗ್ಗೆ. ಟೈಮ್ಸ್‌ನವರು ನ್ಯೂಜೆರ್ಸಿಯ ಹೋಟೆಲುಗಳ ಬಗ್ಗೆಯೂ ಬರೀತಿದ್ದ ಕಾಲ ಇತ್ತು. 2016ರ ಆಗಸ್ಟಿನಲ್ಲಿ ಉಪನಗರಗಳ ಆ ಅಂಕಣಗಳನ್ನೆಲ್ಲ ನಿಲ್ಲಿಸಿದರು. ನಮ್ಮ ರಾಜ್ಯದ್ದೇ ಆದ ಸ್ಟಾರ್ ಲೆಡ್ಜರ್ ಪತ್ರಿಕೆ 2025ರ ಫೆಬ್ರುವರಿಯಲ್ಲಿ ಅಚ್ಚು ಹಾಕೋದನ್ನೇ ಬಿಟ್ಟಿತು, ಈಗ ಅಂತರ್ಜಾಲದಲ್ಲಿ ಮಾತ್ರ. ಮ್ಯಾನ್‌ಹಟನ್ನಿನ ಆ ಪತ್ರಿಕೆಗೆ ಒಬ್ಬ ವೆಲ್ಸ್ ಹೋದರೆ ಇಬ್ಬರು ಬಂದರು. ಓಕ್ ಟ್ರೀ ರೋಡಿನ ಸಾಲು ಸಾಲು ಹೋಟೆಲುಗಳಿಗೆ ಯಾರಿದ್ದಾರೆ? ವಾರಾಂತ್ಯ ಬಂದರೆ ಸಾವಿರಾರು ಜನ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ತಿನ್ನುವ ಜಾಗ ಅದು. ಅಲ್ಲಿ ಕೆಟ್ಟ ಪಲ್ಯ ಕೊಟ್ಟವನಿಗೆ ಹೆದರಿಕೆ ಇಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ, ಒಳ್ಳೆ ಪಲ್ಯ ಮಾಡುವ, ಆದರೆ ಡಬ್ಬಿ ಮಿಠಾಯಿ ಕೊಡಲಾಗದ ಸಣ್ಣ ಹೋಟೆಲಿನವನಿಗೆ ಹೆಸರೂ ಇಲ್ಲ. ಎರಡು ಬೀದಿ ಆಚೆ ಅಂಥವರೊಬ್ಬರಿದ್ದಾರೆ, ದಂಪತಿ, ಗಂಡ ಕಾವಲಿಯ ಮುಂದೆ, ಹೆಂಡತಿ ಗಲ್ಲಾದಲ್ಲಿ. ಟೊಮೆಟೊ ಸಾರಿಗೆ ಇಂಗಿನ ಒಗ್ಗರಣೆ ಬೀಳುವ ಸದ್ದು ಬಾಗಿಲಿಗೆ ಕೇಳಿಸುತ್ತೆ. ಅವರ ಗೂಗಲ್ ಸ್ಟಾರು ಇವತ್ತಿನ ಹೋಟೆಲಿಗಿಂತ ಕಡಿಮೆ. ಜಾಮೂನು ಹಂಚಿಲ್ಲ ಪಾಪ.

"ಹಾಗಾದರೆ ನೀನೇ ಬರಿ" ಅಂತ ನಮ್ಮನೆಯವಳು ಅಡುಗೆಮನೆಯಿಂದ ಕೂಗ್ತಿದ್ದಾಳೆ, ಪಾರ್ಸಲ್ ಜಾಮೂನು ತಿನ್ನುತ್ತಾ. ಬರೀಬಹುದು. ಆದರೆ ಒಂದೇ ಹೋಟೆಲಿಗೆ ಮೂರು ಸಲ ಹೋಗಿ ನಾಲ್ಕು ಬಗೆ ತರಿಸೋಕೆ ನನ್ನ ಹಿಂದೆ ಪತ್ರಿಕೆ ಇಲ್ಲ, ಡಾಕ್ಟರು ಮಾತ್ರ ಇದ್ದಾರೆ.

ಶನಿವಾರ ಫ್ಲಶಿಂಗಿನ ಗಣಪತಿ ದೇವಸ್ಥಾನದ ಕ್ಯಾಂಟೀನಿಗೆ ಹೊರಟಿದ್ದೇವೆ. ಕಾರಿನಲ್ಲಿ ಇಬ್ಬರಿಗೆ ಜಾಗ ಇದೆ. ಟೋಲು ನನ್ನದು, ಅವರವರ ದೋಸೆ ದುಡ್ಡು ಅವರವರದು. ರಿಂಗ್ ಲೈಟು ತರೋರು ರೈಲಿನಲ್ಲಿ ಬನ್ನಿ.